ಅಟ್ಟಕ್ಕೆ ಹೋದ ಫೋನು

ನನ್ನ ಫೋನಿಗೆ ಕೊಬ್ಬರಿಯ ವಾಸನೆ ಇದೆ. ನಗಬೇಡಿ, ನಿಜವಾಗಿಯೂ ಇದೆ. ಕಿವಿಗೆ ಹಿಡಿದು "ಹಲೋ" ಅಂದರೆ ಆ ಕಡೆಯಿಂದ ಮಾತು ಬರುವುದಕ್ಕೆ ಮುಂಚೆ ಮೂಗಿಗೆ ಕೊಬ್ಬರಿ ಬರುತ್ತದೆ. ಶಾಲೆಯಲ್ಲಿ ನನ್ನ ಪಕ್ಕ ಕೂರುವ ಟೀಚರು ಒಮ್ಮೆ ಅದನ್ನು ಎತ್ತಿಕೊಂಡವರು, "ಇದೇನ್ರೀ ಮೇಡಂ, ಫೋನಿಗೂ ತಲೆಗೆಣ್ಣೆ ಹಚ್ತೀರಾ?" ಎಂದು ಕೇಳಿದರು. ಕವರು ಬದಲಾಯಿಸಿದೆ, ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸಿದೆ, ಕೊನೆಗೆ ಬಿಸಿಲಿಗಿಟ್ಟೆ. ಬಿಸಿಲಿಗಿಟ್ಟ ಮೇಲೆ ವಾಸನೆ ಇನ್ನೂ ಜೋರಾಯಿತು. ಆಮೇಲೆ ಬಿಟ್ಟುಬಿಟ್ಟೆ. ಈಗ ಆ ವಾಸನೆ ಬಂದಾಗಲೆಲ್ಲ ನನಗೆ ನೆನಪಾಗುವುದು ನನ್ನ ತಮ್ಮನ ಮಗಳು ಚೈತ್ರಳ ನಿದ್ದೆ. ಫೋನಿಗೂ ಕೊಬ್ಬರಿಗೂ ಒಂದು ಹುಡುಗಿಯ ನಿದ್ದೆಗೂ ಎಲ್ಲಿಯ ಸಂಬಂಧ ಅಂತೀರಾ? ಹೇಳುತ್ತೇನೆ. ಆದರೆ ನೇರವಾಗಿ ಹೇಳಿ ನನಗೆ ಅಭ್ಯಾಸವಿಲ್ಲ, ಸ್ವಲ್ಪ ಸುತ್ತಾಡಿಸಿಕೊಂಡು ಬರುತ್ತೇನೆ.

ಮೊದಲು ನನ್ನ ನಿದ್ದೆಯ ವಿಷಯ ಹೇಳಿಬಿಡಬೇಕು. ನಿದ್ದೆಯ ವಿಚಾರದಲ್ಲಿ ನಮ್ಮ ನೆಂಟರಿಷ್ಟರಲ್ಲೆಲ್ಲ ನನಗೆ ಒಂದು ಹೆಸರಿದೆ. ಭಜನೆಯಲ್ಲಿ ತಾಳ ಹಿಡಿದುಕೊಂಡೇ ಮಲಗಿದವಳು ನಾನು. ಎಮ್ಮೆ ಕರೆಯುವುದನ್ನು ನೋಡುತ್ತಾ ಕೊಟ್ಟಿಗೆಯ ಗೋಡೆಗೊರಗಿ ಮಲಗಿದವಳು. ಅಮ್ಮನ ತವರು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿ. ಚಿಕ್ಕಂದಿನಲ್ಲಿ ಒಂದು ರಜೆಗೆ ಅಲ್ಲಿಗೆ ಹೊರಟಾಗ, ಬುಟ್ಟಿ, ಚೀಲ, ತಮ್ಮ, ಹಲಸಿನ ಹಣ್ಣು ಎಲ್ಲವನ್ನೂ ಜೋಪಾನವಾಗಿ ಹಳೇಬೀಡಿನಲ್ಲಿ ಇಳಿಸಿಕೊಂಡ ನಮ್ಮಪ್ಪ ಹಿಂದಿನ ಸೀಟಿನಲ್ಲಿ ಮಲಗಿದ್ದ ನನ್ನನ್ನು ಮಾತ್ರ ಮರೆತರು. ನಾನು ಕಣ್ಣು ಬಿಟ್ಟಾಗ ಬಸ್ಸು ಬೇಲೂರಿನ ನಿಲ್ದಾಣದಲ್ಲಿ ನಿಂತಿತ್ತು. ಕಂಡಕ್ಟರು ನನಗೊಂದು ಬನ್ನು ಕೊಡಿಸಿ, ತಿರುಗಿ ಹೊರಟ ಅದೇ ಬಸ್ಸಿನಲ್ಲಿ ಮುಂದೆ ಡ್ರೈವರಿನ ಪಕ್ಕ ಕೂರಿಸಿಕೊಂಡು ಬಂದ. ಅಪ್ಪ ಹಳೇಬೀಡಿನಲ್ಲಿ ಅಳುಮುಖ ಮಾಡಿಕೊಂಡು ನಿಂತಿದ್ದರು. ನಾನು ಅಲ್ಲಿಯವರೆಗೂ ಮತ್ತೆ ಮಲಗಿಕೊಂಡೇ ಬಂದಿದ್ದೆ. ಅವತ್ತಿನಿಂದ ನನಗೆ "ನಿದ್ದೇಲಿ ಬೇಲೂರು ನೋಡಿದವಳು" ಅಂತ ಬಿರುದು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಸೀರೆ ಉಡಿಸಿ ಒಳಕೋಣೆಯಲ್ಲಿ ಕೂರಿಸಿದ್ದರಂತೆ. ಕರೆಯಲು ಬಂದಾಗ ಗೊರಕೆ ಕೇಳಿಸಿತಂತೆ. ನನಗೆ ಮದುವೆಯಾಗದೆ ಇದ್ದದ್ದಕ್ಕೆ ಅದೇ ಕಾರಣ ಎಂದು ಅಮ್ಮ ಇವತ್ತಿಗೂ ನಂಬಿದ್ದಾಳೆ. ಬೇರೆ ಕಾರಣಗಳೂ ಇದ್ದವು, ಅವೆಲ್ಲ ಈಗ ಬೇಡ.

ಹೀಗಾಗಿ ತಮ್ಮನ ಮನೆಯೇ ನನ್ನ ಮನೆ. ಅರಸೀಕೆರೆಯಿಂದ ಜಾವಗಲ್ಲಿನ ಕಡೆಗೆ ಹೋಗುವ ರಸ್ತೆಯ ಮೇಲೆಯೇ ನಮ್ಮೂರು. ಅಮ್ಮ, ತಮ್ಮ ಪುಟ್ಟರಾಜು, ಅವನ ಹೆಂಡತಿ ರತ್ನ, ಪಿಯುಸಿ ಓದುವ ಚೈತ್ರ, ಪಕ್ಕದೂರಿನ ಶಾಲೆಯಲ್ಲಿ ಟೀಚರಾಗಿರುವ ನಾನು. ಇವರೆಲ್ಲರ ತಲೆಯ ಮೇಲೆ ಅಟ್ಟ. ಅಟ್ಟದ ತುಂಬ ತೆಂಗಿನಕಾಯಿ.

ನಮ್ಮ ಕಡೆಯ ಅಟ್ಟ ಗೊತ್ತಿಲ್ಲದವರಿಗೆ ಒಂದು ಮಾತು. ನಾವು ಕಾಯಿಯನ್ನು ಒಡೆದು ಬಿಸಿಲಿಗೆ ಹಾಕಿ ಕೊಬ್ಬರಿ ಮಾಡುವವರಲ್ಲ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿ, ಹೆಚ್ಚುಕಮ್ಮಿ ಒಂದು ವರ್ಷ ಅದರ ಪಾಡಿಗೆ ಬಿಟ್ಟುಬಿಡುವವರು. ಒಳಗಿನ ನೀರು ತಾನಾಗಿ ಆರಬೇಕು, ತಿರುಳು ತಾನಾಗಿ ಚಿಪ್ಪು ಬಿಡಬೇಕು. ಆಗಲೇ ಉಂಡೆ ಕೊಬ್ಬರಿ. ಅವಸರ ಮಾಡಿ ನಡುವೆ ಕದಲಿಸಿದರೆ ಕೆಡುತ್ತದೆ ಎಂಬುದು ನಮ್ಮಮ್ಮನ ಕಾನೂನು. ಕಾಯಿ ಮೇಲೇರಿದ ಮೇಲೆ ಅವಳ ಅಪ್ಪಣೆಯಿಲ್ಲದೆ ಯಾರೂ ರಾಶಿಗೆ ಕೈ ಹಾಕುವಂತಿಲ್ಲ. ಆಗಾಗ ಅವಳೇ ತಮ್ಮನನ್ನು ಏಣಿ ಹತ್ತಿಸಿ, ಅಂಚಿನಿಂದ ಒಂದು ಕಾಯಿ ತೆಗೆಸಿಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಆ ಹೊತ್ತಿನಲ್ಲಿ ಯಾರೂ ಮಾತಾಡಬಾರದು. ನೀರು ಕುಲುಕಿದರೆ ಇನ್ನೂ ಇಲ್ಲ. ಲೊಡಲೊಡ ಅಂದರೆ ಆಯಿತು. ಚಿಕ್ಕವರಿದ್ದಾಗ ನಾವೂ ಒಬ್ಬರ ತಲೆಯನ್ನೊಬ್ಬರು ಹಿಡಿದು ಅಲ್ಲಾಡಿಸಿ ಕಿವಿಗೊಟ್ಟು ಕೇಳುತ್ತಿದ್ದೆವು. ತಮ್ಮನ ತಲೆ ಮಾತ್ರ ಯಾವಾಗಲೂ ಲೊಡಲೊಡ ಅನ್ನುತ್ತಿತ್ತು ಎಂದು ನಾನು ಸಾಧಿಸುತ್ತಿದ್ದೆ.

ಈ ಅಟ್ಟದ ಕೆಳಗೇ ನಾವೆಲ್ಲ ಮಲಗಿ ಬೆಳೆದವರು. ಮೇಲೆ ಬಿದಿರ ದಬ್ಬೆಗಳ ಸಂದಿಯಲ್ಲಿ ಬಚ್ಚಲೊಲೆಯ ಹೊಗೆ ಹಾದುಹೋಗುವ ವಾಸನೆ, ಇಲಿಯೊಂದು ಓಡಿದ ಸದ್ದು, ಯಾವುದೋ ಕಾಯಿ ಜಾರಿ ಇನ್ನೊಂದಕ್ಕೆ ಒರಗಿದ ಸದ್ದು. ಅದಕ್ಕಿಂತ ಒಳ್ಳೆಯ ಜೋಗುಳ ನನಗೆ ಗೊತ್ತಿಲ್ಲ. ಅಂಥ ಮನೆಯಲ್ಲಿ ಒಬ್ಬಳಿಗೆ ನಿದ್ದೆ ಬರುವುದಿಲ್ಲ ಅಂದರೆ ನನಗೆ ಮೊದಲು ಅರ್ಥವೇ ಆಗಲಿಲ್ಲ.

ಚೈತ್ರ ಮೊದಲು ಹೀಗಿರಲಿಲ್ಲ. ಮನೆಯೊಳಗೆ ಕಾಲಿಡುವ ಮುಂಚೆಯೇ ಅವಳ ಮಾತು ಒಳಗೆ ಬಂದಿರುತ್ತಿತ್ತು. ಕಾಲೇಜಿನ ಮೇಷ್ಟ್ರುಗಳ ನಡಿಗೆಯನ್ನೆಲ್ಲ ನಡೆದು ತೋರಿಸುತ್ತಿದ್ದಳು. ಅಂಥವಳು ಒಂದು ವರ್ಷದೊಳಗೆ ಇಳಿದುಹೋದಳು. ಬೆಳಿಗ್ಗೆ ಎಬ್ಬಿಸಿದರೆ ಕಣ್ಣ ಕೆಳಗೆ ಕಪ್ಪು. ತಟ್ಟೆಯ ಮುಂದೆ ಕೂತರೆ ಮುದ್ದೆ ಆರುವವರೆಗೂ ಮುರಿಯುತ್ತಿರಲಿಲ್ಲ. ತಲೆನೋವು ಎಂದು ಕಾಲೇಜು ತಪ್ಪಿಸುತ್ತಿದ್ದಳು. ಒಂದು ಸಾಯಂಕಾಲ ರತ್ನ ತಲೆ ಬಾಚಲು ಹೋದರೆ, "ಬಿಡಮ್ಮ, ಯಾರ್ ನೋಡ್ಬೇಕು ನನ್ನ? ಯಾರೂ ನೋಡ್ಬಾರ್ದು ಅಂತಾನೇ ಇರೋದು," ಎಂದು ಅತ್ತಳು. ರತ್ನ ಬಾಚಣಿಗೆ ಹಿಡಿದುಕೊಂಡು ಹಿತ್ತಲಿಗೆ ಬಂದು ನನ್ನ ಮುಂದೆ ತಾನೂ ಅತ್ತಳು. ಹದಿನೇಳು ವರ್ಷದ ಹುಡುಗಿ ಆಡುವ ಮಾತಲ್ಲ ಅದು.

ಅರಸೀಕೆರೆಯ ಡಾಕ್ಟರು ಕಣ್ಣು, ನಾಲಿಗೆ, ರಕ್ತ ಎಲ್ಲ ನೋಡಿದರು. ಆಮೇಲೆ ಅವಳನ್ನೇ ಕೇಳಿದರು, "ಮಲಗೋವಾಗ ಫೋನ್ ಎಲ್ಲಿರುತ್ತಮ್ಮ?" ನಮಗೆ ಗೊತ್ತಿತ್ತು. ದಿಂಬಿನ ಕೆಳಗಿರುತ್ತಿತ್ತು, ಅಥವಾ ದುಪ್ಪಟಿಯ ಒಳಗೆ. ಡಾಕ್ಟರು ಬೈಯಲಿಲ್ಲ. ಸಂಜೆಯ ಮೇಲೆ ಫೋನು ದೂರ ಇರಲಿ, ನಿದ್ದೆ ಮೊದಲು ಸರಿಹೋಗಲಿ, ಬೇಜಾರು ಹಾಗೇ ಇದ್ದರೆ ಹಾಸನದಲ್ಲಿ ಮನಸ್ಸಿನ ಡಾಕ್ಟರು ಇದ್ದಾರೆ, ಹಲ್ಲು ನೋವಿಗೆ ಹೋದ ಹಾಗೆ ಹೋಗಿ ಬನ್ನಿ, ನಾಚಿಕೆ ಪಡುವಂಥದ್ದೇನಿಲ್ಲ ಎಂದರು.

ಈಗ ನನ್ನ ಮರ್ಯಾದೆಯ ಪ್ರಶ್ನೆ. ಅದೇ ತಿಂಗಳು ನಮ್ಮ ಶಾಲೆಯಲ್ಲಿ "ಮಕ್ಕಳು ಮತ್ತು ಮೊಬೈಲ್" ಎಂದು ತಾಯಂದಿರಿಗೆ ಭಾಷಣ ಮಾಡಿದವಳು ನಾನು. ಭಾಷಣ ಚೆನ್ನಾಗಿತ್ತು, ಚಪ್ಪಾಳೆಯೂ ಬಿತ್ತು. ಅದನ್ನು ತಯಾರು ಮಾಡಲು ವಾರವಿಡೀ ಫೋನಿನಲ್ಲಿ ಒಂದರ ಹಿಂದೆ ಒಂದು ವಿಡಿಯೋ ನೋಡಿ, ಮಧ್ಯೆ ದಾರಿ ತಪ್ಪಿ ಯಾರೋ ಹಪ್ಪಳ ಮಾಡುವುದನ್ನೂ ಯಾರೋ ಸೀರೆ ಮಡಿಸುವುದನ್ನೂ ನೋಡಿ, ಕಣ್ಣು ಕೆಂಪಾಗಿದ್ದದ್ದನ್ನು ಮಾತ್ರ ತಾಯಂದಿರಿಗೆ ಹೇಳಲಿಲ್ಲ. ಅದೇ ಭಾಷಣವನ್ನು ಮನೆಯಲ್ಲಿ ಚೈತ್ರಳ ಮುಂದೆ ಶುರು ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಸರಿ ಅತ್ತೆ, ಇಡ್ತೀನಿ. ನೀನೂ ಇಡು. ನಾನೊಬ್ಳೇ ಯಾಕಿಡ್ಬೇಕು?" ಎಂದಳು.

ಅಮ್ಮ ಹೊಸಿಲ ಮೇಲೆ ಕೂತು ಹುರುಳಿ ಕೇರುತ್ತಿದ್ದವಳು ಮೊರ ನಿಲ್ಲಿಸಿ, "ಮಗ ಸರಿಯಾಗೇ ಹೇಳ್ತೈತೆ," ಎಂದಳು. "ಎರಡನ್ನೂ ಅಟ್ಟಕ್ಕೆ ಹಾಕ್ರೇ. ದೀಪ ಹಚ್ಚೋ ಹೊತ್ಗೆ ಮ್ಯಾಕ್ಕೆ ಹೋಗ್ಲಿ, ಹೊತ್ತು ಹುಟ್ಟಿದ ಮ್ಯಾಗೆ ಇಳೀಲಿ."

ಹಾಗೇ ಆಯಿತು. ದೇವರ ದೀಪ ಹಚ್ಚಿದ ಕೂಡಲೇ ಎರಡು ಫೋನನ್ನೂ ಆಫ್ ಮಾಡಿ ಒಂದು ಮಂಕರಿಯೊಳಗಿಟ್ಟು, ತಮ್ಮ ಏಣಿ ಹತ್ತಿ ಅಟ್ಟದ ಬಾಯಿಯ ಅಂಚಿನಲ್ಲಿಟ್ಟು ಇಳಿಯುತ್ತಿದ್ದ. ಮೊದಲ ದಿನ ಚೈತ್ರ ಕೂತಲ್ಲಿ ಕೂರಲಿಲ್ಲ. ನಡುಮನೆಯಲ್ಲಿ ಅಡ್ಡಾಡುತ್ತಾ ಮೇಲೆ ನೋಡುವಳು. ನಾನು ದೊಡ್ಡವಳಲ್ಲವೇ, ಮೇಲೆ ನೋಡುತ್ತಿರಲಿಲ್ಲ. ಆದರೆ ಕೈ ತಾನಾಗಿ ಸೊಂಟದ ಹತ್ತಿರ ಹೋಗಿ ತಡಕುತ್ತಿತ್ತು. ಎಲ್ಲೋ ಗುಂಯ್ ಅಂದ ಹಾಗೆ ಕೇಳಿಸಿ ಎದ್ದು ನಿಲ್ಲುತ್ತಿದ್ದೆ. ರತ್ನ ಒಂದು ಸಲ, "ಏನ್ ಬೇಕಿತ್ತು ಅಕ್ಕ?" ಎಂದು ಕೇಳಿದಾಗ ಏನೂ ತೋಚದೆ ಉಪ್ಪು ಬೇಕು ಎಂದೆ. ಅವಳು ತಂದುಕೊಟ್ಟಳು. ಉಪ್ಪು ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ಒಂದೆರಡು ದಿನ ಹೇಗೋ ತಡೆದುಕೊಂಡೆ. ಆಮೇಲೆ ಒಂದು ಸಂಜೆ, ಅಮ್ಮ ಕೊಟ್ಟಿಗೆಯಲ್ಲಿದ್ದಾಗ, ಶಾಲೆಯ ಗುಂಪಿನಲ್ಲಿ ಬಹಳ ಮುಖ್ಯವಾದದ್ದು ಏನೋ ಬಂದಿರಲೇಬೇಕು ಎಂದು ನನಗೆ ನಾನೇ ಸಾಕ್ಷಿ ಹೇಳಿಕೊಂಡು ಏಣಿ ಹತ್ತಿದೆ. ಐವತ್ತು ದಾಟಿದ ಮೈ, ಸೀರೆಯ ನೆರಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕತ್ತಲೆಯೊಳಗೆ ಮಂಕರಿ ತಡಕಿ ಫೋನು ತೆಗೆದು ಆನ್ ಮಾಡಿದೆ. ಗುಂಪಿನಲ್ಲಿ ಯಾರೋ ಯಾರಿಗೋ ಹುಟ್ಟುಹಬ್ಬದ ಶುಭಾಶಯ ಹೇಳಿದ್ದರು, ಅದರ ಕೆಳಗೆ ಉಳಿದವರೆಲ್ಲ ಕೇಕಿನ ಚಿತ್ರ ಹಾಕಿದ್ದರು. ನಾನೂ ಒಂದು ಕೇಕು ಹುಡುಕುತ್ತಿದ್ದಾಗ ಕೆಳಗಿನಿಂದ ಚೈತ್ರಳ ದನಿ ಬಂತು:

"ಅತ್ತೆ, ಅಲ್ಲೇನ್ ಮಾಡ್ತಿದೀಯಾ?"

ಬೆಚ್ಚಿದೆ. ಫೋನು ಕೈಯಿಂದ ಹಾರಿತು. ರಾಶಿಯ ಮೇಲೆ ಬಿದ್ದು, ಕಾಯಿಗಳ ನಡುವೆ ಕಟ, ಕಟ, ಕಟ ಎಂದು ಒಳಒಳಗೆ ಇಳಿದುಹೋಯಿತು. "ಹಲ್ಲಿ ಬಿತ್ತೇನೋ ಅನ್ನಿಸ್ತು, ನೋಡೋಣ ಅಂತ ಹತ್ತಿದೆ," ಎಂದೆ. ಚೈತ್ರ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಬೆಳಿಗ್ಗೆ ತಮ್ಮನನ್ನು ಒಬ್ಬನೇ ಇದ್ದಾಗ ಹಿಡಿದು ಗುಟ್ಟಾಗಿ ತೆಗೆಸಿಕೊಂಡರಾಯಿತು ಎಂದು ಲೆಕ್ಕ ಹಾಕಿ ನಾನು ಮಲಗಿದೆ. ಮಲಗಿದ ಮೇಲೆ ನನಗೆ ಲೆಕ್ಕ ಯಾವುದೂ ನೆನಪಿರುವುದಿಲ್ಲವಲ್ಲ, ಅಲಾರಂ ಇರುವುದೂ ನೆನಪಾಗಲಿಲ್ಲ.

ನನ್ನ ಅಲಾರಂ ಕೋಳಿ ಕೂಗು. ಹುಂಜ ಕೂಗಿದರೆ ಏಳುವುದು ಆರೋಗ್ಯ ಎಂದು ನಾನೇ ಆರಿಸಿ ಇಟ್ಟುಕೊಂಡದ್ದು. ಬೆಳಗಿನ ಐದಕ್ಕೆ ನಮ್ಮ ಅಟ್ಟದೊಳಗಿನಿಂದ ಹುಂಜ ಕೂಗತೊಡಗಿತು. ಅಮ್ಮ ಎದ್ದು ಕೂತು, "ಲೋ ಪುಟ್ಟರಾಜ, ಅಟ್ಟದ ಮ್ಯಾಲೆ ಕೋಳಿ ಸೇರ್ಕಂಡೈತೆ ಕಣ್ಲಾ! ಕಾಯೆಲ್ಲಾ ಕೆದಕಾಕ್ತೈತೆ, ಓಡ್ಸೋ!" ಎಂದು ಕೂಗಿದಳು. ತಮ್ಮ ಪಂಚೆ ಕಟ್ಟಿಕೊಂಡು, ಕೋಲು ಹಿಡಿದು ಏಣಿ ಹತ್ತಿ, "ಉಶ್, ಉಶ್" ಎಂದು ಕತ್ತಲೆಗೆ ಕೋಲು ಬೀಸಿದ. ಹುಂಜ ಜಗ್ಗಲಿಲ್ಲ. ಸ್ವಲ್ಪ ಸುಮ್ಮನಿದ್ದು ಮತ್ತೆ ಕೂಗಿತು. "ಯಾವ ಕೋಳಿ ಅಕ್ಕ ಇದು, ಹೆದರೋದೇ ಇಲ್ಲ!" ಎಂದ ತಮ್ಮ. ನಾನು ದುಪ್ಪಟಿಯನ್ನು ತಲೆಯವರೆಗೂ ಎಳೆದುಕೊಂಡೆ.

ಆಗ ಕೋಣೆಯ ಬಾಗಿಲಲ್ಲಿ ಚೈತ್ರ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ಮುಚ್ಚಿಕೊಂಡು, ಕೊನೆಗೆ ಬಾಗಿಲನ್ನು ಹಿಡಿದು ಕುಸಿದು ಕೂತು, "ಅದು ಅತ್ತೆ ಫೋನು! ಅಪ್ಪ, ಅದು ಅತ್ತೆ ಫೋನು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟೋ ತಿಂಗಳ ಮೇಲೆ ನಮ್ಮ ಮನೆಯಲ್ಲಿ ಆ ನಗು. ರತ್ನ ಒಲೆಯ ಮುಂದಿನಿಂದ ಎದ್ದು ಬಂದು ನಗುವ ಮಗಳನ್ನು ನೋಡುತ್ತಾ ನಿಂತುಬಿಟ್ಟಳು. ನನಗೆ ನಾಚಿಕೆಯಾಗಬೇಕಿತ್ತು, ಆಯಿತೂ ಕೂಡ. ಆದರೆ ದುಪ್ಪಟಿಯೊಳಗೆ ಕಣ್ಣು ತುಂಬಿದ್ದು ನಾಚಿಕೆಗಲ್ಲ.

ಇನ್ನು ಫೋನು ತೆಗೆಯುವ ಮಾತು. ತೆಗೆಯಬೇಕೆಂದರೆ ರಾಶಿಯನ್ನೇ ಎಳೆಯಬೇಕು. ಅಮ್ಮ ಒಂದು ಕಾಯಿ ತೆಗೆಸಿ ಕಿವಿಗೆ ಹಿಡಿದಳು. ನಾವೆಲ್ಲ ಉಸಿರು ಬಿಗಿಹಿಡಿದೆವು. ನೀರು ಕುಲುಕಿತು. "ಇನ್ನಾ ಎಳಸೈತೆ. ಕದಲಿಸಂಗಿಲ್ಲ," ಎಂದು ಕಾಯಿಯನ್ನು ಹಿಂದಕ್ಕೆ ಕೊಟ್ಟಳು.

"ಅಮ್ಮ, ನನ್ನ ಶಾಲೆ ವಿಷಯವೆಲ್ಲ ಅದರಲ್ಲೇ ಇದೆ," ಎಂದೆ.

"ನಿನ್ನ ಶಾಲೆ ಅಲ್ಲೇ ಐತಲ್ಲ, ಬಸ್ ಹತ್ಕಂಡು ಹೋಗು," ಎಂದಳು ಅಮ್ಮ. ಅಲ್ಲಿಗೆ ವಿಚಾರಣೆ ಮುಗಿಯಿತು.

ಹುಂಜ ಇನ್ನೂ ಒಂದೆರಡು ಬೆಳಗು ಕೂಗಿ, ಚಾರ್ಜು ತೀರಿ ಸುಮ್ಮನಾಯಿತು. ನಾನು ತಮ್ಮನ ಹಳೆಯ ಬಟನ್ ಫೋನು ಹಿಡಿದುಕೊಂಡು ತಿರುಗತೊಡಗಿದೆ. ಶಾಲೆಯ ಗುಂಪು ನಾನಿಲ್ಲದೆ ಕಷ್ಟಕ್ಕೆ ಬೀಳುತ್ತದೆ ಎಂದುಕೊಂಡಿದ್ದೆ. ಯಾರೂ ವಿಚಾರಿಸಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಬೇಜಾರೇ ಆಯಿತು.

ಆದರೆ ಒಂದು ಒಳ್ಳೆಯದಾಯಿತು. ನನ್ನ ಚಡಪಡಿಕೆ ನೋಡಿ ಚೈತ್ರಳಿಗೆ ನನ್ನ ಮೇಲೆ ಕನಿಕರ ಹುಟ್ಟಿತು. ಕದ್ದು ಹತ್ತಿದ ಅತ್ತೆಯ ಮುಂದೆ ತನ್ನ ಕಷ್ಟ ಹೇಳಿಕೊಳ್ಳಲು ಅಡ್ಡಿಯಿಲ್ಲ ಅನ್ನಿಸಿತೋ ಏನೋ. ಭಾಷಣ ಮಾಡಿದ ಅತ್ತೆಯ ಹತ್ತಿರ ಅವಳು ಬಂದಿರಲಿಲ್ಲ. ಊಟವಾದ ಮೇಲೆ ನನ್ನ ಚಾಪೆಯ ಪಕ್ಕ ತನ್ನ ಚಾಪೆ ಹಾಸಿಕೊಳ್ಳತೊಡಗಿದಳು. ಒಂದೊಂದಾಗಿ ಮಾತು ಹೊರಗೆ ಬಂತು. ಕಾಲೇಜಿನ ಹುಡುಗಿಯರ ಒಂದು ಗುಂಪಿನಲ್ಲಿ ಯಾರೋ ಅವಳ ಫೋಟೋ ಹಾಕಿ ಮೂಗಿನ ಬಗ್ಗೆ ತಮಾಷೆ ಮಾಡಿದ್ದರಂತೆ. ಎಲ್ಲರೂ ನಗುವ ಬೊಂಬೆ ಒತ್ತಿದ್ದರಂತೆ. ಅಂದಿನಿಂದ ಇವಳು ಮಲಗುವ ಹೊತ್ತಿಗೆ ತನ್ನ ಫೋಟೋ ತೆಗೆದು, ಅದರೊಳಗೇ ಮೂಗು ಸಣ್ಣ ಮಾಡಿ, ಕೆನ್ನೆ ಬೆಳ್ಳಗೆ ಮಾಡಿ, ಹಾಕಿ, ಯಾರು ನೋಡಿದರು ಯಾರು ನೋಡಲಿಲ್ಲ ಎಂದು ಕಾಯುತ್ತಾ, ಮತ್ತೆ ಅಳಿಸುತ್ತಾ ಇದ್ದಳಂತೆ.

"ನಿದ್ದೆ ಬರಲ್ಲ ಅಂತ ಫೋನ್ ನೋಡ್ತೀನಾ, ಫೋನ್ ನೋಡ್ತೀನಿ ಅಂತ ನಿದ್ದೆ ಬರಲ್ವಾ, ನಂಗೇ ಗೊತ್ತಾಗಲ್ಲ ಅತ್ತೆ," ಎಂದಳು. "ಬೆಳಿಗ್ಗೆ ಕನ್ನಡಿ ನೋಡಿದ್ರೆ ಯಾರೋ ಬೇರೆಯವ್ರು ಅನ್ಸುತ್ತೆ. ಫೋನಲ್ಲಿರೋಳೇ ನಾನು, ಇದು ಯಾರೋ ಅನ್ಸುತ್ತೆ."

ನನ್ನ ಬಾಯಿಗೆ ಒಂದು ಭಾಷಣ ಬಂದಿತ್ತು. ನುಂಗಿಕೊಂಡೆ. ಅವಳ ಮೂಗು ನಮ್ಮಪ್ಪನ ಮೂಗು. ನನ್ನದೂ ಅದೇ. ಆ ಮೂಗನ್ನು ಅವಳು ಪ್ರತಿ ದಿನ ಒರೆಸಿ ಹಾಕುತ್ತಿದ್ದಳು ಎಂದು ಕೇಳಿ ಸಂಕಟವಾಯಿತು. "ಭಾನುವಾರ ಬಸ್ತಿಹಳ್ಳಿಗೆ ಹೋಗೋಣ ಬಾ," ಎಂದೆ, ಬೇರೆ ಏನೂ ಹೊಳೆಯದೆ.

ಬಸ್ತಿಹಳ್ಳಿಯ ಬಸದಿಯ ಕಂಬಗಳನ್ನು ನೋಡಿದ್ದೀರಲ್ಲ? ಕಪ್ಪು ಕಲ್ಲನ್ನು ಕಡೆದು ನುಣುಪು ಮಾಡಿ, ಮುಖ ಕಾಣುವ ಹಾಗೆ ತಿಕ್ಕಿಟ್ಟಿದ್ದಾರೆ. ರಜೆಯಲ್ಲಿ ಅಜ್ಜಿಯ ಮನೆಗೆ ಹೋದಾಗ ನನಗೂ ತಮ್ಮನಿಗೂ ಅಲ್ಲೇ ಬಿಡಾರ. ಬಿಸಿಲಿನಿಂದ ಒಳಗೆ ಬಂದರೆ ಅಂಗಾಲಿಗೆ ತಂಪು. ಕಂಬದ ಮುಂದೆ ನಿಂತು ನಾಲಿಗೆ ಚಾಚುವುದು, ಕಣ್ಣು ಮೆಳ್ಳೆ ಮಾಡುವುದು, ಒಂದು ಹೆಜ್ಜೆ ಹಿಂದೆ ಹೋಗಿ ಉದ್ದವಾಗುವುದು, ಬಗ್ಗಿ ಕುಳ್ಳಾಗುವುದು. ಊಟಕ್ಕೆ ಅಜ್ಜಿ ಬಂದು ಕಿವಿ ಹಿಡಿದು ಎಳೆದುಕೊಂಡು ಹೋಗಬೇಕಿತ್ತು. "ಅದೇನೈತೆ ಅದ್ರೊಳಗೆ, ದಿನಾ ಅದೇ ಮಕ ತಾನೇ?" ಎನ್ನುತ್ತಿದ್ದಳು. ಇವತ್ತು ನಾನು ಚೈತ್ರಳಿಗೆ ಅನ್ನುವ ಮಾತೇ. ಈ ಕಾಲದ ಮಕ್ಕಳು ತಮ್ಮ ಮುಖ ತಾವೇ ನೋಡಿಕೊಳ್ಳುತ್ತಾರೆ ಎಂದು ಬೈಯುವಾಗ ನನಗೆ ಆ ಕಂಬ ನೆನಪಿಗೆ ಬಂದಿರಲಿಲ್ಲ. ನಾವೂ ಗಂಟೆಗಟ್ಟಲೆ ನೋಡಿಕೊಂಡವರೇ. ಆ ಕಂಬ ಮಾತ್ರ ಯಾರನ್ನೂ ಚೆಂದ ಮಾಡುತ್ತಿರಲಿಲ್ಲ.

ಆ ಭಾನುವಾರ ಅಲ್ಲಿ ಚೈತ್ರ ಮೊದಲು ದೂರ ನಿಂತಳು. ನಾನೇ ಹೋಗಿ ಕಂಬದ ಮುಂದೆ ನಿಂತು ಗಲ್ಲ ಉಬ್ಬಿಸಿದೆ. ಶಾಲೆಯ ಮೇಡಂ ಎಂದು ಯಾರಿಗಾದರೂ ಗೊತ್ತಾದರೆ ಎಂದು ಆಚೀಚೆ ನೋಡಿಕೊಂಡೇ ಉಬ್ಬಿಸಿದೆ. ಅವಳು ಬಂದು ಪಕ್ಕ ನಿಂತಳು. ಕಲ್ಲಿನೊಳಗೆ ಎರಡು ಮುಖ, ಹಣೆ ಉದ್ದ, ಕಣ್ಣು ಗೋಲಿ, ಒಂದೇ ಅಚ್ಚಿನ ಎರಡು ದಪ್ಪ ಮೂಗು. ಅವಳು ಹತ್ತಿರ ಬಾಗಿದಳು, ಮೂಗು ಕುಂಬಳಕಾಯಿಯಾಯಿತು. ಹಿಂದೆ ಸರಿದಳು, ಮೂಗು ಮಾಯವಾಯಿತು.

"ಅತ್ತೆ, ನಿಂದೂ ಇದೇ ಮೂಗಲ್ವಾ!" ಎಂದಳು, ಈಗ ತಾನೇ ಕಂಡವಳ ಹಾಗೆ.

"ನಿಮ್ಮ ತಾತಂದು ಕಣೇ. ಅವರದ್ದು ಇನ್ನೂ ದೊಡ್ಡದು. ಬಾಗಿಲಲ್ಲಿ ಮೊದಲು ಅದೇ ಬರ್ತಿತ್ತು."

ಅವಳು ಕಂಬದೊಳಗಿನ ನನ್ನ ಮುಖವನ್ನು ನೋಡಿ ನಕ್ಕಳು, ಆಮೇಲೆ ತನ್ನದನ್ನು ನೋಡಿಯೂ ನಕ್ಕಳು. "ಇದಕ್ಕೆ ಫಿಲ್ಟರ್ ಹಾಕಕ್ಕೇ ಆಗಲ್ಲ," ಎಂದಳು. ಅಲ್ಲೇ ಜಗುಲಿಯ ಮೇಲೆ ಕೂತು ಚೀಲದಿಂದ ಚಕ್ಕುಲಿ ತೆಗೆದು ತಿಂದೆವು.

ವಾಪಸು ಬರುವ ಬಸ್ಸಿನಲ್ಲಿ ಜಾವಗಲ್ಲು ಬರುವ ಮುಂಚೆಯೇ ಅವಳ ತಲೆ ನನ್ನ ಭುಜಕ್ಕೆ ಬಂತು. ಬಾಯಿ ತೆರೆದು, ನನ್ನ ಸೆರಗಿಗೆ ಜೊಲ್ಲು ಸುರಿಸಿಕೊಂಡು, ಆ ಕುಲುಕಾಟದಲ್ಲಿ ಮಲಗಿದಳು. ನಮ್ಮೂರು ಬಂತು. ಕಂಡಕ್ಟರು ಶಿಳ್ಳೆ ಹೊಡೆದು, "ಮೇಡಮ್ಮೋರೇ, ನಿಮ್ಮೂರು ಬಂತು, ಇಳೀರಿ," ಎಂದ. ನಾನು ತುಟಿಯ ಮೇಲೆ ಬೆರಳಿಟ್ಟು, "ಅರಸೀಕೆರೆಗೇ ಟಿಕೆಟ್ ಕೊಡಪ್ಪ," ಎಂದೆ. "ಅಲ್ಲೇನ್ ಕೆಲಸ ಮೇಡಂ?" ಎಂದು ಕೇಳಿದ. "ಏನೂ ಇಲ್ಲ," ಎಂದೆ. ಹೆಂಗಸರಿಗೆ ಹೇಗೂ ಬಸ್ಸು ಪುಕ್ಕಟೆ ಎಂದು ಹೀಗೆಲ್ಲ ಮಾಡುತ್ತಾರೆ ಎಂದು ಗೊಣಗುತ್ತಾ ಟಿಕೆಟು ಹರಿದುಕೊಟ್ಟ. ಅರಸೀಕೆರೆ ಬರುವಷ್ಟರಲ್ಲಿ ನನ್ನ ಕೈ ಜೋಮು ಹಿಡಿದು ನನ್ನದೇ ಅಲ್ಲವೆನ್ನುವಂತಾಗಿತ್ತು. ನಮ್ಮಪ್ಪ ನನ್ನನ್ನು ಬಸ್ಸಿನಲ್ಲಿ ಮರೆತದ್ದಲ್ಲ, ಎಬ್ಬಿಸಲು ಮನಸ್ಸು ಬಾರದೆ ಬಿಟ್ಟಿದ್ದರೇನೋ ಎಂದು ಆ ದಿನ ಮೊದಲ ಸಲ ಅನುಮಾನ ಬಂತು. ಅಮ್ಮನನ್ನು ಕೇಳಿದೆ. "ಅಂಗೇನಿಲ್ಲ, ಮರ್ತೇ ಬಿಟ್ಟಿದ್ರು," ಎಂದಳು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಒಂದಷ್ಟು ವಾರ ಚೆನ್ನಾಗಿ ಮಲಗಿದಳು. ಆ ಗುಂಪಿನಿಂದ ತಾನೇ ಹೊರಗೆ ಬಂದಳು. ತಮ್ಮ ಮರೆತ ದಿನ ತಾನೇ ಮಂಕರಿ ಹಿಡಿದುಕೊಂಡು ಏಣಿಯ ಹತ್ತಿರ ನಿಲ್ಲುತ್ತಿದ್ದಳು. ಆಮೇಲೆ ಪರೀಕ್ಷೆ ಹತ್ತಿರ ಬಂತು, ಓದುವುದಕ್ಕೆ ಎಂದು ಫೋನು ಅಟ್ಟದಿಂದ ಇಳಿಯಿತು, ನಿದ್ದೆ ಮತ್ತೆ ಹೋಯಿತು. ಕಣ್ಣ ಕೆಳಗಿನ ಕಪ್ಪು ತಿರುಗಿ ಬಂತು, ತಟ್ಟೆಯಲ್ಲಿ ಮುದ್ದೆ ತಿರುಗಿ ಆರತೊಡಗಿತು. ರತ್ನಳ ಮುಖ ನೋಡಲಾಗುತ್ತಿರಲಿಲ್ಲ. ಕೊನೆಗೆ ನಾನೂ ರತ್ನಳೂ ಅವಳನ್ನು ಹಾಸನಕ್ಕೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರಮ್ಮ ನಮ್ಮನ್ನು ಹೊರಗೆ ಕೂರಿಸಿ ಅವಳೊಬ್ಬಳ ಹತ್ತಿರ ಬಹಳ ಹೊತ್ತು ಮಾತಾಡಿದರು. ಪರೀಕ್ಷೆ ಮುಗಿಯುವವರೆಗೂ ಹೋಗಿ ಬಂದು ಮಾಡಿದೆವು. ಏನು ಮಾತಾಡಿದರು ಎಂದು ನಾವು ಕೇಳಲಿಲ್ಲ. ಕೇಳದೆ ಇರುವುದು ನನಗೆ ಫೋನು ಬಿಟ್ಟದ್ದಕ್ಕಿಂತ ಕಷ್ಟವಾಯಿತು.

ಅಷ್ಟರಲ್ಲಿ ಕಾಯಿ ಲೊಡಲೊಡ ಅಂದಿತು. ಅಮ್ಮ ಕಿವಿಯಿಂದ ಕಾಯಿ ತೆಗೆದು, "ಇಳಿಸ್ಬೋದು," ಎಂದಳು. ಕಾಯಿ ಸುಲಿಯುವವರು ಸುಲಭಕ್ಕೆ ಸಿಗುವವರಲ್ಲ. ಅವರ ಹಿಂದೆ ತಿರುಗಿ ತಿರುಗಿ ತಮ್ಮ ಒಂದು ದಿನ ಗೊತ್ತು ಮಾಡಿಕೊಂಡು ಬಂದ. ಪರೀಕ್ಷೆ ಮುಗಿದ ಮರುದಿನವೇ ಅದು ಬಿತ್ತು. ಬೆಳಕು ಹರಿಯುವಷ್ಟರಲ್ಲಿ ಅಂಗಳದಲ್ಲಿ ಆಳುಗಳು ಬಂದು ಕಾಯಿ ಸುಲಿಯುವ ಕೋಲು ನೆಟ್ಟರು. ಅಟ್ಟ ಇಳಿಸುವುದೆಂದರೆ ಗುಡುಗು. ಮೇಲಿಂದ ಒಬ್ಬ ಕಾಯಿ ತಳ್ಳುತ್ತಾನೆ, ನಡುಮನೆಯಲ್ಲಿ ಧಡಧಡ ಬೀಳುತ್ತವೆ, ಇನ್ನೊಬ್ಬ ಅಂಗಳಕ್ಕೆ ಉರುಳಿಸುತ್ತಾನೆ, ಎಲ್ಲರದ್ದೂ ಕೂಗು. ನಾನು ನನ್ನ ಫೋನು ಸಿಗುವ ಸಂಭ್ರಮದಲ್ಲಿ ಏಣಿಯ ಬುಡದಲ್ಲೇ ನಿಂತಿದ್ದೆ. ಹಿರಿಯಾಳು ಏಣಿಗೆ ಕಾಲಿಟ್ಟ.

ಆಗ ಅಮ್ಮ ಚೈತ್ರಳ ಕೋಣೆಯ ಬಾಗಿಲಿನಿಂದ ಕೈ ಎತ್ತಿದಳು. ಆಳು ಅಲ್ಲೇ ನಿಂತ. ನಾನು ಹೋಗಿ ಇಣುಕಿದೆ. ಚೈತ್ರ ಚಾಪೆಯ ಮೇಲೆ ಕೈಕಾಲು ನಾಲ್ಕು ದಿಕ್ಕಿಗೆ ಚೆಲ್ಲಿ ಮಲಗಿದ್ದಳು. ಆಳುಗಳ ಮಾತು, ನಾಯಿಯ ಬೊಗಳಾಟ, ಕೋಲು ನೆಟ್ಟ ಸದ್ದು ಯಾವುದೂ ಅವಳನ್ನು ಮುಟ್ಟಿರಲಿಲ್ಲ. ಅಮ್ಮ ಒಳಗೆ ಹೋಗಿ, ಮಂಡಿಯ ಮೇಲೆ ಕೈಯೂರಿ ನಿಧಾನವಾಗಿ ಬಾಗಿ, ಮೊಮ್ಮಗಳ ಮುಖದ ಹತ್ತಿರ ಕಿವಿ ಇಟ್ಟಳು. ಕಾಯಿಯ ಸದ್ದು ಕೇಳುವಾಗ ಇರುವ ಮುಖವೇ. ನಾವು ಯಾರೂ ಉಸಿರಾಡಲಿಲ್ಲ. ಬಹಳ ಹೊತ್ತು ಕೇಳಿ, ಎದ್ದು ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದಳು.

"ಕದಲಿಸಂಗಿಲ್ಲ," ಎಂದಳು ಮೆಲ್ಲಗೆ. "ಎಲ್ರೂ ಆಚೆಗೆ ನಡೀರಿ."

ಹಿರಿಯಾಳು, "ಅಜ್ಜಿ, ಬಿಸಿಲೇರ್ತಾ ಐತೆ. ಇಲ್ಲಿ ಮುಗಿಸ್ಕಂಡು ಇನ್ನೊಂದ್ ಕಡೆ ಹೋಗ್ಬೇಕು," ಎಂದ.

"ಏರ್ಲಿ ಬಿಡ್ಲಾ. ಬಿಸಿಲು ನಾಳೆನೂ ಏರ್ತೈತೆ."

ಅಟ್ಟದ ಕೆಲಸವನ್ನು ಅಮ್ಮ ಯಾರಿಗಾಗಿಯೂ ತಡ ಮಾಡಿದ್ದನ್ನು ನಾನು ಕಂಡಿಲ್ಲ. ನನಗೆ ಜ್ವರ ಬಂದು ಮಲಗಿದ್ದಾಗಲೂ ಕಾಯಿ ನನ್ನ ಪಕ್ಕದಲ್ಲೇ ಬಿದ್ದಿವೆ. ಆಳುಗಳು ಜಗುಲಿಯ ಮೇಲೆ ಸಾಲಾಗಿ ಕೂತರು. ರತ್ನ ಕಾಫಿ ಕೊಟ್ಟಳು, ಆಮೇಲೆ ಉಪ್ಪಿಟ್ಟು ಕೊಟ್ಟಳು, ಆಮೇಲೆ ಇನ್ನೊಂದು ಸಲ ಕಾಫಿ ಕೊಟ್ಟಳು. ಒಬ್ಬ ಕೆಮ್ಮಿದರೆ ಅಮ್ಮ ತಿರುಗಿ ನೋಡುತ್ತಿದ್ದಳು. ತಮ್ಮ ನಾಯಿಯನ್ನು ತೋಟಕ್ಕೆ ಎಳೆದುಕೊಂಡು ಹೋದ. ನನ್ನ ಫೋನು ಮೇಲೆ ಕಾಯಿಗಳ ನಡುವೆ ಇತ್ತು. ಇನ್ನು ಕೈಗೆ ಬಂದ ಹಾಗೆಯೇ, ಇನ್ನಷ್ಟು ಹೊತ್ತು ಅಲ್ಲೇ ಇರಲಿ ಎಂದು ನನಗೂ ಅನ್ನಿಸಿತು. ಜಗುಲಿಯ ಕಂಬಕ್ಕೆ ಒರಗಿದ್ದೊಂದು ನೆನಪಿದೆ. ನಾನೂ ಮಲಗಿಬಿಟ್ಟೆನಂತೆ.

ಬಾಗಿಲ ಸದ್ದಿಗೆ ಎಚ್ಚರವಾಯಿತು. ಬಿಸಿಲು ಅಂಗಳದ ನಡುವಿಗೆ ಬಂದಿತ್ತು. ಚೈತ್ರ ಕೆದರಿದ ಕೂದಲಲ್ಲಿ, ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿಸಿಕೊಂಡು ಹೊಸಿಲ ಮೇಲೆ ನಿಂತಿದ್ದಳು.

"ಯಾಕಜ್ಜಿ, ಎಲ್ರೂ ಹಿಂಗೆ ಸೈಲೆಂಟಾಗಿ ಕೂತಿದೀರಾ? ಏನಾಯ್ತು?"

"ಏನೂ ಇಲ್ಲ ಮಗ. ನಿದ್ದೆ ಆಯ್ತಾ?"

"ಹ್ಞೂಂ. ಆಯ್ತು."

ಅಮ್ಮ ಅವಳ ಗಲ್ಲ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿ, ಕಣ್ಣಿನ ಕೆಳಗೆ, ಮೂಗಿನ ಮೇಲೆ, ನಿಧಾನವಾಗಿ ನೋಡಿದಳು. ಆಮೇಲೆ ಜಗುಲಿಯ ಕಡೆ ತಿರುಗಿ ಎತ್ತರದ ದನಿಯಲ್ಲಿ ಕೂಗಿದಳು:

"ಅಟ್ಟ ಹತ್ರಪ್ಪಾ. ಇನ್ನು ಇಳಿಸ್ರಿ."